ರೋಹಿಣಿ ಮಳೆಗೆ ಮುಂಚೆ ಅಂಗಳದ ಹೂಗಿಡ

ವೈಶಾಖ ಮುಗಿಯುತ್ತ ಬಂತು, ಇನ್ನು ಹೂಗಿಡ ನೆಡಲು ತಡವಾಯಿತು ಎಂದು ಶಿರಸಿ ಸೀಮೆಯಲ್ಲಿ ಯಾರೂ ಕೈಚೆಲ್ಲಬೇಕಾಗಿಲ್ಲ. ಕೃತ್ತಿಕೆ ಕಳೆದು ರೋಹಿಣಿ ಹಿಡಿಯುವ ಮೇ ಕೊನೆಯ ದಿನಗಳೇ ನಮ್ಮ ಅಂಗಳಕ್ಕೆ ಹದವಾದ ಕಾಲ. ಆದರೆ ಗಿಡವನ್ನು ಆರಿಸುವಾಗ ಈಗಿನ ಬಿಸಿಲನ್ನಲ್ಲ, ಮುಂದೆ ಬರುವ ಮಳೆಯನ್ನು ನೆನೆಯಬೇಕು. ಒಮ್ಮೆ ನಾನು ನರ್ಸರಿಯೊಂದರಲ್ಲಿ ಮೈತುಂಬ ಹೂಬಿಟ್ಟ ಪೆಟೂನಿಯಾ ಕಂಡು ಮನಸೋತು, ಹನ್ನೆರಡು ಗಿಡ ತಂದು ಸೂರಿನಂಚಿನಲ್ಲಿ ಸಾಲಾಗಿ ನೆಟ್ಟಿದ್ದೆ. ಮೃಗಶಿರದ ಮೊದಲ ವಾರದಲ್ಲಿಯೇ ಸೂರುನೀರು ಬಡಿದು ಎಲ್ಲವೂ ಕೊಳೆತುಹೋದವು.

ಮಳೆಗಾಲಕ್ಕೆ ಡೇರೆಗಿಂತ (ಡೇಲಿಯಾ) ಚೆಂದದ ಹೂವು ನನಗೆ ಬೇರೆ ಕಾಣದು. ಹೋದ ವರ್ಷದ ಗಡ್ಡೆಗಳನ್ನು ಮರಳಿನಲ್ಲಿ ಮುಚ್ಚಿಟ್ಟಿದ್ದರೆ ಈಗ ಹೊರತೆಗೆದು, ಹಳೆಯ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಬೇಕು. ಸಾಸಿವೆಕಾಳಿನಷ್ಟು ಉಬ್ಬಿದ, ನಸುಗೆಂಪು ಕಣ್ಣು ಕಾಣುವುದು ಅಲ್ಲಿಯೇ. ಗಡ್ಡೆ ಎಷ್ಟೇ ದಪ್ಪವಿರಲಿ, ಕುತ್ತಿಗೆ ಮುರಿದಿದ್ದರೆ ಅದು ಚಿಗುರುವುದಿಲ್ಲ. ನೆರೆಮನೆಯವರು ಪ್ರೀತಿಯಿಂದ ಕೊಟ್ಟರೂ ಇದನ್ನು ನೋಡಿಯೇ ತೆಗೆದುಕೊಳ್ಳಿ. ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿದ ಕೊಟ್ಟೆಯಲ್ಲಿ (ಗಿಡ ಬೆಳೆಸುವ ಚೀಲದಲ್ಲಿ) ನಾಲ್ಕು ಅಂಗುಲ ಆಳಕ್ಕೆ ಗಡ್ಡೆಯನ್ನು ಅಡ್ಡ ಮಲಗಿಸಿ, ಮೊಳಕೆ ಮೇಲೆ ಬರುವತನಕ ನೀರನ್ನು ಚಿಮುಕಿಸಿದರೆ ಸಾಕು. ಊರೆಗೋಲನ್ನು ನೆಡುವಾಗಲೇ ಊರಬೇಕು, ಆಮೇಲೆ ಚುಚ್ಚಿದರೆ ಗಡ್ಡೆಗೆ ತಾಗುತ್ತದೆ. ಗಿಡಕ್ಕೆ ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ, ಚಿವುಟಿದ ತುದಿಯೂ ಮರಳಿನಲ್ಲಿ ಬೇರು ಬಿಡುತ್ತದೆ.

ಗೌರಿ ಹೂವಿನ (ಕರ್ಣಕುಂಡಲ) ಬೀಜವನ್ನು ಈಗ ಚೆಲ್ಲಿದರೆ ಸುಮಾರು ಎರಡು ತಿಂಗಳಿಗೆ ಹೂವು ಬಂದು, ಚೌತಿಯ ಹೊತ್ತಿಗೆ ಹೂಬುಟ್ಟಿ ತುಂಬುತ್ತದೆ. ಗೊಂಡೆಯೂ (ಚೆಂಡುಹೂವು) ಹಾಗೆಯೇ, ಆದರೆ ಅದನ್ನು ಏರುಮಡಿಯಲ್ಲಿ ಹಾಕಬೇಕು. ಟೇಬಲ್ ರೋಸ್‌ಗೆ ಬಿಸಿಲಿದ್ದರಷ್ಟೇ ಸಂತೋಷ. ಈಗ ತರುವುದಾದರೆ ಕುಂಡದಲ್ಲಿಟ್ಟು, ಮಳೆ ಹಿಡಿದೊಡನೆ ಜಗಲಿಗೆ ಎತ್ತಿಡಿ. ಕಾರವಾರ, ಅಂಕೋಲಾದ ಕಡೆ ಮರಳುಮಣ್ಣಿನಲ್ಲಿ ನೀರು ನಿಲ್ಲದ ಕಾರಣ ನಿತ್ಯಪುಷ್ಪ ನಮ್ಮಲ್ಲಿಗಿಂತ ಸೊಗಸಾಗಿ ಬರುತ್ತದೆ, ಉಪ್ಪುಗಾಳಿಗೂ ಅದು ಅಷ್ಟಾಗಿ ಜಗ್ಗುವುದಿಲ್ಲ.

ನರ್ಸರಿಯಿಂದ ಹೂಬಿಟ್ಟ ಗಿಡವನ್ನೇ ತಂದಿದ್ದರೆ, ಹೊಟ್ಟೆ ಉರಿದರೂ ಸರಿ, ನೆಡುವ ದಿನವೇ ಹೂವು ಮೊಗ್ಗುಗಳನ್ನೆಲ್ಲ ಕಿತ್ತುಬಿಡಿ. ಗಿಡದ ಶಕ್ತಿ ಬೇರಿಗೆ ಹೋಗಲಿ. ಸಂಜೆ ನೆಟ್ಟು, ನಾಲ್ಕಾರು ದಿನ ಅಡಿಕೆ ಸೋಗೆಯ ನೆರಳು ಮಾಡಬೇಕು. ಬುಡಕ್ಕೆ ದರಕು (ಒಣ ಎಲೆ) ಹೊದೆಸುವುದು ಈ ಬಿಸಿಲಿಗೆ ಒಳ್ಳೆಯದಾದರೂ, ಮಳೆ ಜೋರಾದ ಮೇಲೆ ಅದನ್ನು ಕಾಂಡದಿಂದ ಒಂದು ಗೇಣು ಸರಿಸದಿದ್ದರೆ ಬಸವನಹುಳುಗಳು ಅಲ್ಲಿಯೇ ಬಿಡಾರ ಹೂಡುತ್ತವೆ. ಅವಕ್ಕೆ ಸಂಜೆ ಒದ್ದೆ ಗೋಣಿಚೀಲದಡಿ ನಾಲ್ಕು ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಹಾಲು ಕರೆಯಲು ಹೋಗುವ ಮುಂಚೆ ಚೀಲ ಎತ್ತಿ ನೋಡಿ. ಅಡಗಿದವನ್ನೆಲ್ಲ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬಹುದು.