18 ಎಂದು ಬರೆಯುವ ಮೊದಲು ಎಣಿಸಿ: ವಾರ್ಡಿಗೆ ಹೊಸಬರಿಗೆ ವೈಟಲ್ಸ್ ಪಾಠ

ನರ್ಸಿಂಗ್ ಸೇರಿದವರಿಗೆ ವಾರ್ಡ್ ಪೋಸ್ಟಿಂಗ್‌ನಲ್ಲಿ ಮೊದಲು ಸಿಗುವ ಕೆಲಸ ವೈಟಲ್ಸ್ ನೋಡುವುದು. ಮೈಬಿಸಿ, ನಾಡಿ, ಉಸಿರು ಮೂರೂ ಸೇರಿ ಟಿಪಿಆರ್. ಜೊತೆಗೆ ಬಿಪಿ. ಸುಲಭ ಅನಿಸುತ್ತದೆ, ಅಲ್ವಾ? ಅದಕ್ಕೇ ಇದರಲ್ಲಿ ಕಳ್ಳಾಟವೂ ಜಾಸ್ತಿ.

ನಾನೂ ಆಡಿದ್ದೇನೆ. ಓದುವಾಗ ಒಂದು ಬೆಳಿಗ್ಗೆ 12 ಬೆಡ್‌ಗಳಿಗೂ ಉಸಿರಿನ ಕಾಲಂನಲ್ಲಿ 18 ಎಂದು ಬರೆದಿದ್ದೆ. ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ನೋಡಿದರು, ಬೈಯಲಿಲ್ಲ. ಏಳನೇ ಬೆಡ್‌ನ ಅಜ್ಜಿ ಹತ್ತಿರ ಕರೆದುಕೊಂಡು ಹೋಗಿ 'ಎಣಿಸು' ಅಂದರು. 32 ಬಂತು. ಡಾಕ್ಟರನ್ನು ಕರೆಸಿದರು, ಆಕ್ಸಿಜನ್ ಹಾಕಿದರು. ನಾನು ಚಾರ್ಟ್ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ.

ಮೊದಲು ಕೈ ತೊಳೆಯಿರಿ. ಆಮೇಲೆ ಹೆಸರು. 'ಲಕ್ಷ್ಮಮ್ಮ ಅಂದ್ರೆ ನೀವೇನಾ?' ಎಂದು ಕೇಳಬೇಡಿ. ನಿದ್ದೆಗಣ್ಣಿನಲ್ಲಿ ಯಾರಾದರೂ 'ಹೂಂ' ಅಂದುಬಿಡುತ್ತಾರೆ. 'ನಿಮ್ಮ ಹೆಸರೇನಮ್ಮ?' ಎಂದು ಕೇಳಿ, ಕೇಸ್ ಶೀಟ್ ಜೊತೆ ತಾಳೆ ನೋಡಿ.

ಮೈಬಿಸಿಯಿಂದ ಶುರು ಮಾಡಿ. ಕಂಕುಳಲ್ಲಿ ನೋಡುವುದಾದರೆ ಬೆವರು ಒರೆಸಿ, ಥರ್ಮಾಮೀಟರ್ ತುದಿಯನ್ನು ಕಂಕುಳ ನಡುವೆ ಇಟ್ಟು, ಬೀಪ್ ಬರುವ ತನಕ ತೋಳನ್ನು ಎದೆಗೆ ಒತ್ತಿ ಹಿಡಿಸಿ. ಬಾಯಲ್ಲಾದರೆ, ಈಗಷ್ಟೇ ಕಾಫಿ ಕುಡಿದಿದ್ದಾರಾ ಕೇಳಿ. ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ಬನ್ನಿ. ಕಂಕುಳಲ್ಲಿ ಬಾಯಿಗಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಹಾಗಾಗಿ ಎಲ್ಲಿ ನೋಡಿದಿರಿ ಎಂದೂ ಬರೆಯಿರಿ. ಜ್ವರ ಇದ್ದರೆ ಫೆಬ್ರೈಲ್, ಇಲ್ಲದಿದ್ದರೆ ಎಫೆಬ್ರೈಲ್.

ನಾಡಿಗೆ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಮೂರು ಬೆರಳು ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದಕ್ಕೇ ಒಂದು ನಾಡಿ ಇದೆ, ಅದನ್ನೇ ಎಣಿಸಿಬಿಡುತ್ತೀರಿ. ಒತ್ತಿ ಹಿಡಿದರೆ ನಾಡಿ ಸಿಗುವುದಿಲ್ಲ. ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಸರಿ. ಬಡಿತ ಒಂದೇ ಲಯದಲ್ಲಿದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬಹುದು, ತಪ್ಪುತ್ತಿದ್ದರೆ ಪೂರ್ತಿ ನಿಮಿಷ ಎಣಿಸಲೇಬೇಕು.

ಪದಗಳಿಗೆ ಹೆದರಬೇಡಿ, ಒಡೆದು ನೋಡಿ. ಟ್ಯಾಕಿ ಅಂದರೆ ವೇಗ, ಬ್ರಾಡಿ ಅಂದರೆ ನಿಧಾನ. ಕಾರ್ಡಿಯಾ ಹೃದಯಕ್ಕೆ, ಪ್ನಿಯಾ ಉಸಿರಿಗೆ. ಟ್ಯಾಕಿಕಾರ್ಡಿಯಾ, ಬ್ರಾಡಿಕಾರ್ಡಿಯಾ, ಟ್ಯಾಕಿಪ್ನಿಯಾ, ಬ್ರಾಡಿಪ್ನಿಯಾ: ನಾಲ್ಕು ತುಂಡಿನಲ್ಲಿ ನಾಲ್ಕು ಪದ ಬಂತು. ಉಸಿರಾಡಲು ಕಷ್ಟವಾದರೆ ಡಿಸ್ಪ್ನಿಯಾ. 'ಮಲಗಿದ್ರೆ ಉಸಿರು ಕಟ್ಟುತ್ತೆ, ಎದ್ದು ಕೂತ್ರೆ ಪರವಾಗಿಲ್ಲ' ಎಂದರೆ ಅದು ಆರ್ಥಾಪ್ನಿಯಾ. ಏಳನೇ ಬೆಡ್‌ನ ಅಜ್ಜಿ ಹಿಂದಿನ ರಾತ್ರಿಯಿಂದ ಹೇಳುತ್ತಿದ್ದದ್ದೂ ಇದನ್ನೇ.

ಉಸಿರು ಎಣಿಸುತ್ತೇನೆ ಎಂದು ರೋಗಿಗೆ ಹೇಳಬಾರದು. ಹೇಳಿದ ತಕ್ಷಣ ಉಸಿರಾಟ ಬದಲಾಗುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬೇಡಿ. ಇನ್ನೂ ನಾಡಿ ನೋಡುತ್ತಿರುವಂತೆ ಇದ್ದು, ಕಣ್ಣು ಎದೆಯ ಮೇಲಿಡಿ. ಏರಿ ಇಳಿದರೆ ಒಂದು. ಹೊದಿಕೆಯಿಂದಾಗಿ ಕಾಣಿಸದಿದ್ದರೆ ಹಿಡಿದ ಕೈಯನ್ನು ಅವರ ಹೊಟ್ಟೆಯ ಮೇಲೆ ಇರಿಸಿ, ಕೈಯೇ ಏರಿ ಇಳಿಯುತ್ತದೆ. ಪೂರ್ತಿ ಒಂದು ನಿಮಿಷ. 12ರಿಂದ 20 ಸರಿ. ಮಾತಾಡುವಾಗ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ.

ಇನ್ನು ಬಿಪಿ. ರೋಗಿ 5 ನಿಮಿಷ ಸುಮ್ನೆ ಕೂತಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ (ರಕ್ತನಾಳಗಳನ್ನು ಜೋಡಿಸಿದ) ಕೈಗೆ ಕಫ್, ಅಂದರೆ ಗಾಳಿ ತುಂಬುವ ಪಟ್ಟಿ, ಕಟ್ಟಲೇಬೇಡಿ. ಡ್ರಿಪ್ ಹೋಗುತ್ತಿರುವ ಕೈಯೂ ಬೇಡ. ರವಿಕೆ ತೋಳಿನ ಮೇಲೆ ಕಟ್ಟುವುದು ತಪ್ಪು. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ.

ಮೊದಲಿಗೆ ಸ್ಟೆತ್ (ಸ್ಟೆತಾಸ್ಕೋಪ್) ಬೇಡ. ನಾಡಿ ಹಿಡಿದು ಗಾಳಿ ತುಂಬಿಸಿ, ನಾಡಿ ಮಾಯವಾದ ಅಂಕಿ ನೆನಪಿಡಿ. ಗಾಳಿ ಪೂರ್ತಿ ಬಿಟ್ಟು ಅರ್ಧ ನಿಮಿಷ ಕಾಯಿರಿ. ಈಗ ಸ್ಟೆತ್ ಅನ್ನು ಮೊಣಕೈ ಮಡಿಕೆಯ ಒಳಬದಿಗೆ ಇಟ್ಟು, ಆ ಅಂಕಿಗಿಂತ 30 ಮೇಲಕ್ಕೆ ಏರಿಸಿ. ಸೆಕೆಂಡಿಗೆ 2-3 ಪಾಯಿಂಟ್‌ನಂತೆ ಇಳಿಸಿ. ಮೊದಲ 'ಟಕ್' ಕೇಳಿದ ಅಂಕಿ ಸಿಸ್ಟೋಲಿಕ್ (ಬಿಪಿಯ ಮೇಲಿನ ಅಂಕಿ), ಸದ್ದು ನಿಂತ ಅಂಕಿ ಡಯಾಸ್ಟೋಲಿಕ್ (ಕೆಳಗಿನದು). ಈ ಸದ್ದನ್ನು 1905ರಲ್ಲಿ ವಿವರಿಸಿದವನು ರಷ್ಯಾದ ಸರ್ಜನ್ ನಿಕೊಲಾಯ್ ಕೊರೊಟ್ಕಾಫ್. ಅದಕ್ಕೆ ಅವನ ಹೆಸರೇ ಇದೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ತಡವರಿಸಬೇಡಿ. ಇನ್ನೊಂದು ವಿಷಯ: ಡಯಲ್‌ನ ಗೆರೆಗಳು ಎರಡೆರಡು ಪಾಯಿಂಟ್‌ಗೆ ಇರುತ್ತವೆ. 117 ಎಂದು ಬರೆದರೆ ನೀವು ಸರಿಯಾಗಿ ನೋಡಿಲ್ಲ ಎಂದು ಸಿಸ್ಟರ್‌ಗೆ ಅಲ್ಲೇ ಗೊತ್ತಾಗುತ್ತದೆ.

ನೋಡಿದ ಕೂಡಲೇ, ಬೆಡ್ ಪಕ್ಕದಲ್ಲೇ ಬರೆಯಿರಿ. ಅಂಗೈ ಮೇಲೆ ಬರೆದುಕೊಂಡದ್ದು ಮುಂದಿನ ಸಲ ಕೈ ತೊಳೆದಾಗ ಹೋಗುತ್ತದೆ. ಅಂಕಿ ಹೆಚ್ಚು ಕಡಿಮೆ ಅನಿಸಿದರೆ ಇನ್ನೊಮ್ಮೆ ನೋಡಿ, ಆದರೆ ಹೇಳಲು ಡಾಕ್ಟರ್ ರೌಂಡ್ಸ್ ತನಕ ಕಾಯಬೇಡಿ. 'ಸಿಸ್ಟರ್, ಅಜ್ಜಿಗೆ ಯಾಕೋ ಸರಿ ಇಲ್ಲ' ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಸಿಸ್ಟರ್, ಏಳನೇ ಬೆಡ್, ಉಸಿರು 32, ಎರಡು ಸಲ ಎಣಿಸಿದೆ, ಮಲಗೋಕೆ ಆಗ್ತಿಲ್ಲ ಅಂತಿದ್ದಾರೆ' ಅನ್ನಿ. ಅವರು ಅರ್ಧಕ್ಕೇ ಎದ್ದು ಬರುತ್ತಾರೆ.