‘ಏನು ಬೇಕು’ ಅಂತ ಕೇಳಬೇಡಿ, ‘ನಿನ್ನೆ ಏನು ಮಾಡಿದಿರಿ’ ಅಂತ ಕೇಳಿ

ಆ್ಯಪ್‌ನಂಥ ಉತ್ಪನ್ನ ಮಾಡುವ ಕಂಪನಿಯಲ್ಲಿ ಕೋಡ್ ಬರೆಯುವವರು ಇದ್ದಾರೆ, ಡಿಸೈನ್ ಮಾಡುವವರು ಇದ್ದಾರೆ, ಮಾರುವವರೂ ಇದ್ದಾರೆ. ಹಾಗಾದರೆ ಪ್ರಾಡಕ್ಟ್ ಮ್ಯಾನೇಜರ್‌ಗೆ ಏನು ಕೆಲಸ? ಯಾರ ಯಾವ ತೊಂದರೆಯನ್ನು ಮೊದಲು ನೀಗಿಸಬೇಕು ಎಂದು ತೀರ್ಮಾನಿಸುವುದು. ಈ ಕೆಲಸಕ್ಕೆ ಬರಬೇಕು ಅನ್ನುವವರು ಮೊದಲು ಕಲಿಯಬೇಕಾದದ್ದು ಬಳಕೆದಾರರನ್ನು ಅರಿಯುವುದು.

ಮೊದಲ ಹೆಜ್ಜೆ, ಜಾಗಕ್ಕೆ ಹೋಗಿ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಕಡಿಮೆ ಬೆಲೆಯ ಇನ್‌ಕ್ಯುಬೇಟರ್, ಅಂದರೆ ನವಜಾತ ಕೂಸನ್ನು ಬೆಚ್ಚಗಿಡುವ ಯಂತ್ರ, ಮಾಡಲು ಹೊರಟಿದ್ದರು. ಅವರಲ್ಲೊಬ್ಬರು ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದರೆ, ಇದ್ದ ಇನ್‌ಕ್ಯುಬೇಟರ್‌ಗಳೇ ಖಾಲಿ! ತಿಂಗಳು ತುಂಬದೆ ಹುಟ್ಟಿದ ಎಷ್ಟೋ ಕೂಸುಗಳು ದೂರದ ಹಳ್ಳಿಗಳಲ್ಲಿದ್ದವು. ಆಸ್ಪತ್ರೆಗೆ ಬರುವುದೇ ಅವುಗಳಿಗೆ ಕಷ್ಟವಾಗಿತ್ತು. ಬೇಕಾಗಿದ್ದದ್ದು ಅಗ್ಗದ ಯಂತ್ರವಲ್ಲ, ಹಳ್ಳಿಮನೆಯಲ್ಲೇ ಕೂಸನ್ನು ಬೆಚ್ಚಗಿಡುವ ದಾರಿ. ಹಾಗೆ ಹುಟ್ಟಿದ್ದು ‘ಎಂಬ್ರೇಸ್’. ನೋಡಲು ಪುಟ್ಟ ಹಾಸಿಗೆ ಚೀಲ. ಒಳಗಿನ ಮೇಣದಂಥ ವಸ್ತುವನ್ನು ಒಮ್ಮೆ ಕಾಯಿಸಿಟ್ಟರೆ ಗಂಟೆಗಟ್ಟಲೆ ಸುಮಾರು 37 ಡಿಗ್ರಿ ಶಾಖ ನಿಲ್ಲುತ್ತದೆ. ಆಮೇಲೆ ಆ ತಂಡ ಬೆಂಗಳೂರಿಗೇ ಬಂದು ನೆಲೆಸಿ ಕೆಲಸ ಮುಂದುವರಿಸಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ ತಾಯಿಯೊಬ್ಬರು ಹೇಳಿದ ಮಾತು ತಂಡದ ಕಣ್ಣು ತೆರೆಸಿತು. ಇಂಗ್ಲಿಷ್ ಔಷಧ ತುಂಬಾ ಜೋರು, ಡಾಕ್ಟರ್ ಒಂದು ಚಮಚ ಅಂದರೆ ನಾನು ಅರ್ಧ ಚಮಚವೇ ಕೊಡುವುದು, 37 ಡಿಗ್ರಿ ಅಂದರೆ 30ಕ್ಕೆ ಇಡುತ್ತೇನೆ ಎಂಬ ಅರ್ಥದ ಮಾತು ಅದು. ಮಗುವಿನ ಮೇಲಿನ ಪ್ರೀತಿಯಿಂದಲೇ ಮಗುವಿಗೆ ಅಪಾಯ! ತಂಡ ಶಾಖ ತೋರಿಸುವ ಅಂಕಿಗಳನ್ನೇ ತೆಗೆದುಹಾಕಿತು. ಶಾಖ ಸರಿಯಾಗಿದೆಯೋ ಇಲ್ಲವೋ, ಅಷ್ಟನ್ನೇ ತೋರಿಸುವ ಗುರುತು ಇಟ್ಟಿತು. ಕಚೇರಿಯಲ್ಲಿ ಕೂತು ಎಷ್ಟು ಯೋಚಿಸಿದರೂ ಇದು ಹೊಳೆಯುತ್ತಿತ್ತಾ?

ಎರಡನೆಯದು, ಪ್ರಶ್ನೆ ಕೇಳುವ ರೀತಿ. “ಶಾಲೆ ವ್ಯಾನ್ ಎಲ್ಲಿದೆ ಅಂತ ತೋರಿಸುವ ಆ್ಯಪ್ ಮಾಡಿದರೆ ಬಳಸ್ತೀರಾ?” ಅಂತ ಮಕ್ಕಳ ತಾಯಂದಿರನ್ನು ಕೇಳಿ ನೋಡಿ. ನಿಮ್ಮ ಮನಸ್ಸು ನೋಯಿಸಲು ಇಷ್ಟವಿಲ್ಲದೆ ಎಲ್ಲರೂ ಹೂಂ ಅನ್ನುತ್ತಾರೆ. ಬದಲಿಗೆ, “ನಿನ್ನೆ ವ್ಯಾನ್ ತಡವಾದಾಗ ಏನು ಮಾಡಿದಿರಿ?” ಅಂತ ಕೇಳಿ. “ಡ್ರೈವರ್‌ಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಒಲೆ ಆರಿಸಿ ಗೇಟ್ ಹತ್ತಿರ ಸುಮ್ನೆ ನಿಂತಿದ್ದೆ” ಅನ್ನಬಹುದು. ಆಮೇಲೆ ನೀವು ಸುಮ್ಮನಿರಿ. ಅವರು ಜಾಸ್ತಿ ಮಾತಾಡಬೇಕು, ನೀವು ಕಡಿಮೆ.

ಕೇಳಿದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ‘ಆ್ಯಪ್’, ‘ಮ್ಯಾಪ್’, ‘ಬಟನ್’ ಬರಬಾರದು. “ವ್ಯಾನ್ ಬರುವ ಐದು ನಿಮಿಷ ಮೊದಲು ತಾಯಿಗೆ ಗೊತ್ತಾಗಬೇಕು.” ಹೀಗೆ ಬರೆದಾಗ ಮ್ಯಾಪೇ ಬೇಡ, ಒಂದು ಮೆಸೇಜ್ ಸಾಕು ಅನ್ನಿಸಬಹುದು.

ಕೊನೆಗೆ, ಕೈಯಿಂದಲೇ ಪರೀಕ್ಷೆ ಮಾಡಿ. ಡ್ರೈವರ್ ಒಪ್ಪಿದರೆ, ಒಂದು ವಾರ ಹತ್ತು ಮನೆಗಳಿಗೆ ನೀವೇ ಮೆಸೇಜ್ ಕಳಿಸಿ. ಕೋಡ್ ಬೇಕಿಲ್ಲ. ಎಂಟನೇ ದಿನ ಹೇಳದೆ ನಿಲ್ಲಿಸಿ. “ಇವತ್ತು ಯಾಕೆ ಮೆಸೇಜ್ ಬರಲಿಲ್ಲ?” ಅಂತ ಎಷ್ಟು ಮನೆಯವರು ಕೇಳುತ್ತಾರೆ, ಎಣಿಸಿ. ಯಾರೂ ಕೇಳದಿದ್ದರೆ ಮತ್ತೆ ಆ ಗೇಟ್ ಹತ್ತಿರ ಹೋಗಿ ನಿಲ್ಲಿ.