ಹಳೇ ಹಾಲಿನ ಡೈರಿಯಲ್ಲಿ ನಮ್ಮೂರ ಮಾತುಕತೆ

ಊರಿನವರೆಲ್ಲ ಕೂತು ಊರಿನ ಸಂಗತಿ ಯೋಚಿಸಲು ಒಂದು ಜಾಗ ಬೇಕೆಂದು ನಾವು ಕೆಲವರು ಹೊರಟಾಗ ಹೆಚ್ಚು ಕಾಲ ಹಿಡಿದದ್ದು ಆ ಜಾಗ ಗೊತ್ತುಮಾಡುವುದಕ್ಕೇ. ತಿಪಟೂರು ಸೀಮೆಯ ತೆಂಗಿನ ಊರು ನಮ್ಮದು. ಗ್ರಾಮಸಭೆ ಇದೆಯಲ್ಲ, ಇದೊಂದು ಯಾಕೆ ಎಂದು ಕೇಳಿದವರಿದ್ದರು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ, ಅದನ್ನು ಬಿಡಬಾರದು. ಆದರೆ ಅಲ್ಲಿ ಮನೆ ಯಾರಿಗೆ, ದನದ ಕೊಟ್ಟಿಗೆ ಯಾರಿಗೆ ಎಂಬ ಪಟ್ಟಿಯಲ್ಲೇ ಹೊತ್ತು ಮುಗಿದುಹೋಗುತ್ತದೆ. ಮಳೆ ಬಂದರೂ ಕೆರೆ ಯಾಕೆ ತುಂಬಲಿಲ್ಲ ಎಂದು ನಿಧಾನವಾಗಿ ಮಾತಾಡಲು ಎಡೆ ಸಿಗುವುದಿಲ್ಲ.

ದೇವಸ್ಥಾನದ ಜಗಲಿ ವಿಶಾಲವಾಗಿದೆ, ನೆರಳೂ ಇದೆ. ಆದರೆ ಕಾಲೋನಿಯವರು ಅಲ್ಲಿ ಅಂಚಿನಲ್ಲಿ ನಿಲ್ಲುತ್ತಾರೆ, ಹತ್ತಿ ಕೂರುವುದಿಲ್ಲ. ಸಮುದಾಯ ಭವನ ಹೆಸರಿಗೆ ಊರಿನದು, ಬೀಗದ ಕೈ ಮಾತ್ರ ಒಂದು ಜಾತಿಯವರದು. ಅರಳಿಕಟ್ಟೆಗೆ ಹೆಂಗಸರು ಬರುವುದಿಲ್ಲ. ನಮ್ಮ ತೋಟದಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಸೇರಬಹುದೇ ಎಂದು ಕಾಲೋನಿಯ ಹಿರಿಯರೊಬ್ಬರನ್ನು ಕೇಳಿದೆ. "ಅಲ್ಲಿಗೆ ಕೂಲಿಗೆ ಬರೋರು ನಾವು. ಅಲ್ಲೇ ಕೂತ್ಕಂಡು ನಿಮ್ಮೆದುರಿಗೆ ಏನ್ ಮಾತಾಡಾದು ಗೌಡ್ರೆ?" ಎಂದರು. ಆ ಮಾತಿನ ಮೇಲೆ ಯಾರ ಹೊಸ್ತಿಲೂ ಅಲ್ಲದ ಜಾಗ ಹುಡುಕತೊಡಗಿದೆವು.

ಸಿಕ್ಕಿದ್ದು ಹಳೇ ಡೈರಿ. ಹಾಲು ಸಂಘ ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯದು ಬೀಗ ಬಿದ್ದು ನಿಂತಿತ್ತು, ಊರಿಗೂ ಕಾಲೋನಿಗೂ ನಡುವೆ. ಬೆಳಗ್ಗೆ ಸಂಜೆ ಎಲ್ಲ ಕೇರಿಯವರೂ ಕ್ಯಾನು ಹಿಡಿದು ಒಂದೇ ಸಾಲಿನಲ್ಲಿ ನಿಂತು ಹಾಲು ಹಾಕಿದ್ದ ಜಾಗ ಅದು. ಬರಲು ಯಾರೂ ಹಿಂದೆಮುಂದೆ ನೋಡಬೇಕಾಗಿರಲಿಲ್ಲ. ಸಂಘಕ್ಕೆ ಬಾಡಿಗೆ ಕೊಡುತ್ತೇವೆ. ಮನೆಮನೆಯಿಂದ ಕೈಲಾದಷ್ಟು ಕೂಡಿಸಿದ ದುಡ್ಡೇ ಅದಕ್ಕೆ ಸಾಲುತ್ತದೆ. ಚುನಾವಣೆಯ ಹೊತ್ತಿನಲ್ಲಿ ಅಭ್ಯರ್ಥಿಯೊಬ್ಬರು ಸೋರುವ ಸೂರಿಗೆ ಶೀಟು ಹೊದಿಸಿಕೊಡುತ್ತೇನೆ ಎಂದರು. ಬೇಡವೆಂದೆವು, ಆ ಮಳೆಗಾಲ ಬಕೆಟ್ ಇಟ್ಟುಕೊಂಡೇ ಕೂತೆವು.

ವೇದಿಕೆ, ಮೈಕು, ಹಾರ, ಮುಖ್ಯ ಅತಿಥಿ ಯಾವುದೂ ಇಲ್ಲ. ಎಲ್ಲರಿಗೂ ಚಾಪೆ, ಎಲ್ಲರಿಗೂ ಒಂದೇ ಥರದ ಲೋಟದಲ್ಲಿ ಟೀ. ಟೀ ಮಾಡುವ ಸರದಿ ಎಲ್ಲ ಕೇರಿಗೂ ಬರುತ್ತದೆ. ಇದಕ್ಕೆ ಒಪ್ಪದೆ ಮೊದಲಲ್ಲೇ ಎದ್ದು ಹೋದವರುಂಟು. ಅವರಿಗಾಗಿ ಸರದಿ ಬದಲಿಸಲಿಲ್ಲ, ಬದಲಿಸಲೂ ಬಾರದು. ಸಂಜೆ ಸೇರುತ್ತಿದ್ದಾಗ ಹೆಂಗಸರು ಬರುತ್ತಿರಲಿಲ್ಲ: ಹಾಲು ಕರೆಯಬೇಕು, ಒಲೆ ಹಚ್ಚಬೇಕು. ಮಧ್ಯಾಹ್ನ ಊಟವಾದ ಮೇಲೆ ಎಂದು ಇಟ್ಟ ಮೇಲೆ ಬರತೊಡಗಿದರು, ನೀರಿನ ಮಾತು ಅವರಿಂದಲೇ ಶುರುವಾಯಿತು.

ಒಂದು ಸಲ ಸರ್ವೆ ಇಲಾಖೆಯಿಂದ ತಂದ ಗ್ರಾಮ ನಕಾಶೆಯನ್ನು ನೆಲದ ಮೇಲೆ ಹಾಸಿದೆವು. ಹಿಂದೆ ನೀರುಗಂಟಿ ಕೆಲಸ ಮಾಡಿದ್ದ ಅಜ್ಜ ಅಕ್ಷರ ಓದಲಾರರು. ಆದರೆ ಕೆರೆ ಏರಿ, ತೂಬು, ಕೋಡಿ ಎಲ್ಲೆಲ್ಲಿ ಎಂದು ಅವರೇ ಬೆರಳಿಟ್ಟು ತೋರಿಸಿದರು. ಕೆರೆಗೆ ನೀರು ತರುವ ಹಳ್ಳದ ಗೆರೆ ಈಗ ಯಾರ್ಯಾರ ತೋಟದೊಳಗಿದೆ ಎಂಬುದು ಆಗ ಎಲ್ಲರ ಕಣ್ಣಿಗೂ ಬಿತ್ತು. ಅವರಲ್ಲಿ ಇಬ್ಬರು ಅಲ್ಲೇ ಕೂತಿದ್ದರು. ಕೂಗಾಟ ಏಳುವಷ್ಟರಲ್ಲಿ ಒಬ್ಬ ತಾಯಿ, "ಕಾಗದ ಮಡಚಿ, ನಡೆದು ನೋಡಣ ಬನ್ನಿ" ಎಂದರು. ಹಳ್ಳದುದ್ದಕ್ಕೂ ನಡೆದೆವು.

ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿನ ವಿಚಾರ ಬೇಗ ಬಗೆಹರಿಯಿತು. ಆ ಹುಳುವನ್ನು ಕೊಲ್ಲುವ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು (ಪರತಂತ್ರ ಜೀವಿ) ಒಬ್ಬನ ತೋಟಕ್ಕೆ ಬಿಟ್ಟರೆ ಸಾಲದು, ಪಕ್ಕದ ತೋಟದಿಂದ ಹುಳು ಮತ್ತೆ ಬರುತ್ತದೆ. ಬದುವಿನ ಜಗಳ ಇದ್ದವರೂ ಒಂದೇ ವಾರದಲ್ಲಿ ಅದನ್ನು ತಂತಮ್ಮ ತೋಟಕ್ಕೆ ಬಿಡಲು ಒಪ್ಪಿದರು.

ನಮ್ಮಲ್ಲಿ ಠರಾವು ಮಾಡುವುದಿಲ್ಲ. ಒಂದು ಪುಸ್ತಕದಲ್ಲಿ ಯಾರು ಏನೆಂದರು ಎಂದು ಬರೆದು, ಮುಂದಿನ ಸಲ ಮೊದಲು ಅದನ್ನೇ ಓದುತ್ತೇವೆ. "ನಾ ಹಂಗೆ ಹೇಳ್ಲಿಲ್ಲ" ಎಂದರೆ ಅವರೆದುರೇ ತಿದ್ದುತ್ತೇವೆ. ಹಳ್ಳದ ವಿಷಯದಲ್ಲಿ ಆ ಇಬ್ಬರು ತೋಟದವರಲ್ಲಿ ಒಬ್ಬರು ಅಳತೆಗೆ ಒಪ್ಪಿದ್ದಾರೆ. ಇನ್ನೊಬ್ಬರು ಆ ಜಾಗ ತಾತನ ಕಾಲದಿಂದ ನಮ್ಮ ಸ್ವಾಧೀನದಲ್ಲಿದೆ ಎನ್ನುತ್ತಾರೆ. ಎರಡೂ ಪುಸ್ತಕದಲ್ಲಿವೆ, ಇಬ್ಬರೂ ಈಗಲೂ ಬರುತ್ತಾರೆ. ಬೇಸಿಗೆಗೆ ಮುಂಚೆ ಅಳತೆಗೆ ಅರ್ಜಿ ಹಾಕಬೇಕು.